ಕಿಲೋ ಅಂದರೆ ಎಷ್ಟು ಬೋಗುಣಿ

ತಮಾಲೆಯ ಆ ಕೋಣೆಗೆ ಕಿಟಕಿಯಿರಲಿಲ್ಲ.
ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನು ಆರಿಸಿ
ಸೋಮವಾರ ಸೋಮವಾರ ನಾನು ಬೆಲೆ ಓದುತ್ತಿದ್ದೆ:
ಜೋಳ, ಅಲಸಂದೆ, ಶೇಂಗಾ, ಶಿಯಾ ಬೀಜ,
ಕಿಲೋಗೆ ಇಷ್ಟು ಸೆಡಿ, ಇಷ್ಟು ಪೆಸೆವಾ.
ಹೊರಗೆ ಹುಂಜ ಕೂಗಿದರೆ ಮತ್ತೆ ಮೊದಲಿಂದ.

ಓದಿದ್ದು ನಮ್ಮ ದಗ್ಬಾನಿಯಲ್ಲಿ, ಅದೇ ನನ್ನ ಹೆಮ್ಮೆ.
ಅಕ್ಷರ ಬಾರದವರೂ ಕೇಳಬಹುದು,
ನಂಬರು ಒತ್ತಿದರೆ ಸಾಕು.
ವರ್ಷದ ಕೊನೆಗೆ ವರದಿ ಬಂತು, ಹನ್ನೊಂದು ಸಾವಿರ ಕರೆ.
ಆಫೀಸಿನಲ್ಲಿ ಬಿಸ್ಕತ್ತು ಹಂಚಿದರು.

ಆಮೇಲೊಂದು ದಿನ ಗುಂಗಾಯಿಲಿಗೆ ಹೋದೆ,
ಬೈಕಿನ ಹಿಂದೆ ಕೂತು, ಧೂಳಿಗೆ ಹುಬ್ಬೂ ಕೆಂಪಾಗಿ.
ಹೆಂಗಸರು ಅಂಗಳದಲ್ಲಿ ಶಿಯಾ ಬೀಜ ಹರವಿದ್ದರು.
'ದಸಿಬಾ' ಎಂದು ಬಾಯಿ ತೆರೆದದ್ದೇ ತಡ
'ಅಯ್ಯೋ, ಇವಳೇ! ಸೋಮವಾರದವಳು!'
ಒಬ್ಬಳು ಮೊರ ಬಿಟ್ಟು ಓಡಿ ಬಂದಳು.
ಇನ್ನೊಬ್ಬಳು ಗದ್ದ ಹಿಡಿದೆತ್ತಿ ನೋಡಿದಳು,
ಇಷ್ಟು ಸಣ್ಣ ಕೊರಳೇ ಎಂಬಂತೆ.

ಸನಾತು ಅಜ್ಜಿ ಮಾತ್ರ ಕೂತಲ್ಲಿಂದ ಏಳಲಿಲ್ಲ.
'ನಿನ್ನ ದನಿ ಚೆನ್ನ, ವುಂಪಿನಿ.
ರಾತ್ರಿ ಮೊಮ್ಮಗನ ಫೋನಿನಲ್ಲಿ ಕೇಳುತ್ತೇನೆ,
ನಿದ್ದೆ ಬರುತ್ತದೆ.
ಒಂದೇ ಒಂದು ತಿಳಿಯಲಿಲ್ಲ ನೋಡು.
ಕಿಲೋ ಅಂದರೆ ಎಷ್ಟು ಬೋಗುಣಿ?'

ನನಗೂ ಗೊತ್ತಿರಲಿಲ್ಲ.
ಐವತ್ತೆರಡು ಸೋಮವಾರ ಬಾಯಿತುಂಬ ಕಿಲೋ ಅಂದವಳು
ಒಂದು ದಿನವೂ ಅದನ್ನು ಕೈಯಲ್ಲಿ ಹಿಡಿದವಳಲ್ಲ.

ಇಲ್ಲಿ ಕೊಳ್ಳುವವನು ಇದ್ದಿ, ಅಳೆಯುವುದು ಇದ್ದಿಯ ಬೋಗುಣಿ,
ತಳಕ್ಕೆ ಸುತ್ತಿಗೆ ಬಿದ್ದೂ ಬಿದ್ದೂ
ಬಸುರಿಯ ಹೊಟ್ಟೆಯಂತೆ ಹೊರಬಂದದ್ದು.
ಗುಡ್ಡೆಯಾಗುವ ತನಕ ಸುರಿಯಬೇಕು,
ಉರುಳಿ ಬಿದ್ದದ್ದೂ ಅವನ ಚೀಲಕ್ಕೇ.
ಬೋಗುಣಿಯನ್ನು ಸನಾತುವಿನ ಮನೆಯಲ್ಲೇ ಬಿಟ್ಟು ಹೋಗುತ್ತಾನೆ.
ಅಷ್ಟು ನಂಬಿಕೆ.

ಆ ದಿನ ಗುರುವಾರ, ಕೂಸುಗಳ ತೂಕದ ದಿನ.
ಬೇವಿನ ಕೊಂಬೆಗೆ ನರ್ಸ್ ಐಶಾತು ತಕ್ಕಡಿ ಕಟ್ಟಿದ್ದಳು,
ಗಡಿಯಾರದ ಮುಖ, ಕೆಳಗೊಂದು ನೀಲಿ ಚಡ್ಡಿ.
ಕಡೆಯ ಕೂಸು ಅತ್ತು, ಉಚ್ಚೆ ಹೊಯ್ದು, ಇಳಿದ ಮೇಲೆ
ಸನಾತು ಅಂದಳು:
'ಇದು ಕಿಲೋ ಹೇಳುತ್ತದಲ್ಲ?'

ಚಡ್ಡಿಯ ಎರಡೂ ಕಾಲಿಗೆ ಗಂಟು ಹಾಕಿದೆವು.
ಸುರಿದೆವು, ಗುಡ್ಡೆ ಸಮೇತ.
ಮುಳ್ಳು ಮುಂದೆ ಹೋಯಿತು, ಹಿಂದೆ ಬಂತು, ನಡುಗಿ ನಿಂತಿತು.
ಮೂರು ಕಿಲೋ, ಮೇಲೆ ಇನ್ನೂರು ಗ್ರಾಂ.
'ಹುಟ್ಟಿದ ಕೂಸಿಗೆ ಒಳ್ಳೆಯ ತೂಕ' ಅಂದಳು ಐಶಾತು,
ಬಾಯಿ ರೂಢಿ.
ಯಾರೂ ನಗಲಿಲ್ಲ.
ಇದ್ದಿ ಕೊಡುವ ದುಡ್ಡು, ನನ್ನ ಸೋಮವಾರದ ಲೆಕ್ಕಕ್ಕೆ,
ಎರಡೇ ಕಿಲೋದ್ದು.

ಸನಾತು ಬೆರಳು ಮಡಿಸುತ್ತಾ ಹೋದಳು:
ಈ ವರ್ಷದ ಬೋಗುಣಿ, ಹೋದ ವರ್ಷದವು,
ಗಂಡ ಸತ್ತ ವರ್ಷದವು.
ಬೆರಳು ತೀರಿದವು.
ಮೊಳೆ ತರಿಸಿ, ಎರಡು ಕಿಲೋ ಅಳೆದು ಸುರಿಸಿ
ಬೋಗುಣಿಯ ಒಳಮೈಗೆ ಒಂದು ಗೀರು ಎಳೆದಳು.
'ಅವನ ದುಡ್ಡು ಇಲ್ಲಿಗೆ.'

ಮುಂದಿನ ವಾರ ಇದ್ದಿ ಗೀರನ್ನು ಬೆರಳಿಂದ ಸವರಿ
'ಟೆಮಾದ ಬೋಗುಣಿ ಇದಕ್ಕಿಂತ ದೊಡ್ಡದು,
ಅಲ್ಲಿ ನನ್ನನ್ನೇ ಅಳೆಯುತ್ತಾರೆ' ಅಂದನಂತೆ.
ಸುಳ್ಳಿರಲಿಕ್ಕಿಲ್ಲ.
ಆದರೂ ಗೀರಿಗೇ ಸುರಿದು ಕೈ ಕೊಡವಿದರಂತೆ.

ಮಳೆಗಾಲಕ್ಕೆ ಯೋಜನೆಯ ಹಣ ಮುಗಿಯಿತು.
ಗೋಡೆಗಿದ್ದ ಹಾಸಿಗೆಯ ಮೇಲೆ ಈಗ ಕಾವಲುಗಾರ ಮಲಗುತ್ತಾನೆ.
ಆ ನಂಬರಿಗೆ ಬೇರೊಬ್ಬಳು ಇಂಗ್ಲಿಷಿನಲ್ಲಿ
ಏನೋ ಇಲ್ಲ, ಏನೋ ಇಲ್ಲ ಅನ್ನುತ್ತಾಳೆ.
ಸನಾತು ಅದನ್ನೂ ಎರಡು ರಾತ್ರಿ ಕೇಳಿದಳು.
ನಿದ್ದೆ ಬರಲಿಲ್ಲವಂತೆ.

ಈಗ ನನಗೇ ಫೋನು ಮಾಡುತ್ತಾಳೆ.
ನಾನು ಸಂತೆಯಲ್ಲಿ ವಿಚಾರಿಸಿ ಇಡುತ್ತೇನೆ.
ಅಮ್ಮ ಹೇಗೆ, ಮನೆ ಹೇಗೆ, ನಿನ್ನೆ ಏನು ಉಂಡೆ,
ಎಲ್ಲ ಆದ ಮೇಲೆ: 'ಈಗ ಹೇಳು.'
ಗೀರಿನ ತನಕ, ಬೋಗುಣಿಗೆ ಇಷ್ಟು, ಅನ್ನುತ್ತೇನೆ.
ಆಚೆ ಗಳಿಗೆ ಮೌನ. ಬೆರಳು ಮಡಿಸುತ್ತಿರಬೇಕು.
ಆಮೇಲೆ: 'ಹಿಂದೆ ಕೂಗುತ್ತಿದೆಯಲ್ಲ, ಆ ಹುಂಜ,
ಎಷ್ಟಕ್ಕೆ ತಂದೆ?'